ಸಿಮೆಂಟು ತುಳಿದ ನಾಯಿ

ನಮ್ಮದು ಬೇಟೆ ನಾಯಿ. ಉದ್ದ ಕಾಲು, ಒಳಕ್ಕೆ ಎಳೆದುಕೊಂಡ ಹೊಟ್ಟೆ. ಬೇಟೆ ಈಗಿಲ್ಲ, ಮೊಲ ಹೊಡೆದರೆ ಜೈಲು. ಹುಣಸಮಾರನಹಳ್ಳಿಯಲ್ಲಿ ನಮ್ಮ ರಾಗಿ ಹೊಲ ಇದ್ದ ಕಡೆ ಲೇಔಟು ಆಗಿದೆ. ಅಲ್ಲಿನ ಖಾಲಿ ಸೈಟುಗಳಲ್ಲಿ ಮಗ ಬೆಳಿಗ್ಗೆ ಅದನ್ನು ಓಡಾಡಲು ಬಿಡುತ್ತಾನೆ. ಮೊಲ ಇನ್ನೂ ಒಂದೊಂದು ಉಳಿದಿವೆ, ನಾಯಿಗೆ ಕಾನೂನು ಗೊತ್ತಿಲ್ಲ.

ಓಡಿ ಬಂದ ಮೇಲೆ ಅದರ ಪಾದ ನೋಡುವುದು ನನ್ನ ಕೆಲಸ. ಗಂಡ ಬದುಕಿದ್ದಾಗಲೂ ನನ್ನದೇ ಆಗಿತ್ತು. ಬೆರಳು ಅಗಲಿಸಿ ಸಂದಿ ಸಂದಿ ನೋಡಬೇಕು. ಮೊದಲೆಲ್ಲ ನೆಗ್ಗಿಲು ಮುಳ್ಳು ಸಿಗುತ್ತಿತ್ತು, ಈಗ ಬಾಟಲಿ ಚೂರು. ಚಿಮಟದಲ್ಲಿ ಕಿತ್ತು, ಉಪ್ಪು ನೀರಲ್ಲಿ ತೊಳೆದು, ಒರೆಸಿ ಒಣಗಿಸಿ ಬಿಡುತ್ತೇನೆ. ಒದ್ದೆ ಬಿಟ್ಟರೆ ಸಂದಿ ಬೆಂದು ನಾರುತ್ತದೆ. ನಾನು ನಾಯಿಯನ್ನು ಮುದ್ದು ಮಾಡುವವಳಲ್ಲ. ಪಾದ ಕೆಟ್ಟ ಬೇಟೆ ನಾಯಿಯಿಂದ ಏನೂ ಉಪಯೋಗವಿಲ್ಲ, ಅದಕ್ಕೇ ನೋಡುತ್ತೇನೆ.

ಆ ಸಲ ಅದು ಮೊಲದ ಹಿಂದೆ ಬಿದ್ದು, ಯಾರದೋ ಹೊಸ ಮನೆಯ ಮುಂದೆ ಹಾಕಿದ್ದ ಹಸಿ ಕಾಂಕ್ರೀಟು ತುಳಿದು ಬಂತು. ಮಗ ಗಮನಿಸದೆ ಕಟ್ಟಿ ಹಾಕಿದ. ನಾನು ನೋಡುವ ಹೊತ್ತಿಗೆ ಸಿಮೆಂಟು ಬೆರಳ ಸಂದಿಯಲ್ಲಿ ಗಟ್ಟಿಯಾಗಿತ್ತು. ನೆನೆಸಿ ನೆನೆಸಿ ಬಿಡಿಸಿದರೆ ಕೆಳಗೆ ಚರ್ಮ ಸುಟ್ಟ ಹಾಗೆ ಕೆಂಪಗಿತ್ತು. ಅರಿಶಿನ, ಕೊಬ್ಬರಿ ಎಣ್ಣೆ ಹಚ್ಚಿದೆ. ನೆಕ್ಕಿತು. ಬಟ್ಟೆ ಕಟ್ಟಿದೆ. ಅದನ್ನೂ ಕಿತ್ತು ನೆಕ್ಕಿತು. ಹಚ್ಚುವಾಗ ಬೇಡ ಬೇಡವೆಂದರೂ ನನ್ನ ಕೈಯನ್ನೂ ನೆಕ್ಕುತ್ತಿತ್ತು.

ಅದೇ ವಾರ ನಮ್ಮ ಬೀದಿಯಲ್ಲಿ ಒಂದು ಹುಚ್ಚುನಾಯಿ ಹಸುವನ್ನು ಕಚ್ಚಿತ್ತು. ನಮ್ಮದನ್ನೂ ಕಚ್ಚಿತೋ ಇಲ್ಲವೋ ಕಂಡವರಿಲ್ಲ. ಇದಕ್ಕೆ ಹುಚ್ಚಿನ ಇಂಜೆಕ್ಷನ್ ಹಾಕಿಸಿದ್ದೀಯೇನೋ ಎಂದು ಮಗನನ್ನು ಕೇಳಿದರೆ, "ಹಾಕ್ಸಿದ್ದೆ ಅನ್ಸುತ್ತೆ ಕಣವ್ವ" ಅಂದ.

ಒಂದು ಬೆಳಿಗ್ಗೆ, ಮಗ ನೀರಿನ ಟ್ಯಾಂಕರ್ ತೆಗೆದುಕೊಂಡು ಹೋದ ಮೇಲೆ, ಸೊಸೆ ಕಿರುಚಿದಳು.

"ಅತ್ತೆ, ಬೇಗ ಬನ್ನಿ! ನಾಯಿ ಬಾಯಲ್ಲಿ ನೊರೆ!"

ನೊರೆ ಎದೆಯವರೆಗೂ ಇಳಿದಿತ್ತು. ನೀರಿನ ಬೋಗುಣಿಯನ್ನು ಕೋಲಿನಿಂದ ಅದರ ಮುಂದೆ ತಳ್ಳಿದೆ. ಮೂತಿ ತಿರುಗಿಸಿತು.

ಚಿಕ್ಕವಳಿದ್ದಾಗ ನಮ್ಮ ಚಿಕ್ಕಪ್ಪ ನಾಯಿ ಕಚ್ಚಿ ಸತ್ತದ್ದನ್ನು ನೋಡಿದ್ದೇನೆ. ಕೋಣೆಗೆ ಕೂಡಿ ಚಿಲಕ ಹಾಕಿದ್ದರು. ಹೊರಗೆ ಚೊಂಬಿನಲ್ಲಿ ನೀರು ತುಂಬುವ ಸದ್ದಿಗೆ ಒಳಗೆ ಅರಚುತ್ತಿದ್ದ. ಅದಕ್ಕಿಂತ ಹೆಚ್ಚು ಬರೆಯಲಾರೆ. ನಾಯಿ ಹೋದರೆ ಹೋಗಲಿ, ನಾನು ನನ್ನ ಕೈ ನೋಡಿಕೊಂಡೆ. ಪಾತ್ರೆ ತಿಕ್ಕಿ ತಿಕ್ಕಿ ಬೆರಳೆಲ್ಲ ಬಿರುಕು, ನಾಯಿ ನೆಕ್ಕಿದ್ದು ಅದನ್ನೇ. ಮೆಟ್ಟಿಲ ಮೇಲೆ ಕುಳಿತುಬಿಟ್ಟೆ.

ಪಕ್ಕದ ಮನೆಯಿಂದ ನನ್ನ ಮೈದುನ ಹಾರೆ ಹಿಡಿದು ಬಂದ.

"ಅತ್ಗೆ, ನೀನ್ ಒಳಿಕ್ಕೋಗು. ಒಂದೇ ಏಟು."

"ನಿಮ್ಮಣ್ಣ ಸಾಕಿದ್ ತಳಿ ಕಣಯ್ಯ ಅದು."

"ಅಣ್ಣನ್ ತಾವ್ಕೇ ಕಳಿಸ್ತೀನಿ ಬಿಡು."

"ತಡಿಯೋ. ಮಗನ್ನ ಕೇಳಾಣ."

ಸೊಸೆ ಫೋನು ಮಾಡಿದಳು. ಅವನು ಎತ್ತಲಿಲ್ಲ. ಮೈದುನ ನಾಯಿ ಕಟ್ಟಿದ್ದ ಹಗ್ಗದ ಅಳತೆ ನೋಡುತ್ತ ಹತ್ತಿರ ಹೋಗತೊಡಗಿದ. ಆಗ ನಾಯಿ ಪಾದ ನೆಕ್ಕಿತು, ತಲೆ ಕೊಡವಿ ಮುಖ ಕಿವುಚಿತು, ನೊರೆ ಬಂತು. ಮತ್ತೆ ನೆಕ್ಕಿತು, ಮತ್ತೆ ನೊರೆ. ನೆಕ್ಕಿದಾಗಲೇ ಬರುತ್ತಿದೆಯಲ್ಲ ಅನ್ನಿಸಿತು. ಉದ್ದನೆಯ ಕೋಲಿಗೆ ಬಟ್ಟೆ ಸುತ್ತಿ, ಮೈದುನನಿಗೆ ಹಾರೆ ಎತ್ತಿ ನಿಲ್ಲು ಎಂದು ಹೇಳಿ, ಆ ಪಾದಕ್ಕೆ ಒರೆಸಿ ಎಳೆದುಕೊಂಡೆ. ಬಟ್ಟೆಯನ್ನು ದೂರದಿಂದಲೇ ಮೂಸಿದೆ. ಬೇವಿನೆಣ್ಣೆ.

ಅಷ್ಟರಲ್ಲಿ ಮಗನ ಫೋನು ಬಂತು.

"ಹೂಂ ಕಣವ್ವ, ಬೆಳಿಗ್ಗೆ ನಾನೇ ಹಚ್ದೆ. ಕಹಿಗೆ ನೆಕ್ಕಲ್ಲ ಅಂತ."

"ಹೇಳಕ್ಕೆ ಬಾಯಿ ಬಿದ್ದೋಗಿತ್ತಾ ನಿಂಗೆ?"

"ನೀನ್ ಮಲ್ಗಿದ್ದೆ."

ಸೊಸೆ ನಕ್ಕಳು. ಮೈದುನ ನಗಲಿಲ್ಲ.

"ಬೇವಿನೆಣ್ಣೆಗೂ ನೊರೆ ಬತ್ತದೆ, ಹುಚ್ಚಿಗೂ ನೊರೆ ಬತ್ತದೆ. ಎರಡೂ ಇದ್ರೆ ಏನ್ಮಾಡ್ತೀಯ ಅತ್ಗೆ?"

ಹಾರೆಯನ್ನು ನಮ್ಮ ಗೋಡೆಗೇ ಒರಗಿಸಿ ಹೋದ.

ಮಧ್ಯಾಹ್ನ ಮಗ ಯಲಹಂಕದಿಂದ ದನದ ಡಾಕ್ಟರನ್ನು ಕರೆತಂದ. ಅವರು ಗ್ಲೌಸು ಹಾಕಿ, ಬಾಯಿ ಕಟ್ಟಿಸಿ, ಪಾದವನ್ನು ಸೋಪು ನೀರಲ್ಲಿ ತೊಳೆದು ಮುಲಾಮು ಹಚ್ಚಿದರು. ನೆಕ್ಕದಂತೆ ತಳ ಕತ್ತರಿಸಿದ ಬಕೆಟ್ಟನ್ನು ಕೊರಳಿಗೆ ಹಾಕಿಸಿದರು. "ನೊರೆ ಎಣ್ಣೆದೇ ಇರ್ಬೇಕು. ಆದ್ರೂ ಹತ್ತು ದಿನ ಕಟ್ಟಾಕಿ ನೋಡಿ. ಅಜ್ಜಿ, ನೀವು ಇವತ್ತೇ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ತಗೊಳ್ಳಿ. ನಾಳೆ ಅನ್ಬೇಡಿ" ಅಂದರು.

ಹೋದೆ, ಚುಚ್ಚಿಸಿಕೊಂಡೆ. ಸಂಜೆ ನಾಯಿ ನೀರು ಕುಡಿಯಿತು, ನನಗೆ ಮಾತ್ರ ಗಂಟಲಲ್ಲಿ ಇಳಿಯಲಿಲ್ಲ. ಲೋಟ ಎತ್ತಿದಾಗಲೆಲ್ಲ ಚಿಕ್ಕಪ್ಪ ನೆನಪಾಗಿ, ಗಂಟಲು ಬಿಗಿಯುತ್ತಿರುವುದು ಭಯಕ್ಕೋ ರೋಗಕ್ಕೋ ತಿಳಿಯುತ್ತಿರಲಿಲ್ಲ. ಇಷ್ಟರ ನಡುವೆ ದಿನಾ ಪಾದ ತೊಳೆಯಬೇಕಿತ್ತು. ಬೇರೆ ಯಾರಿಗೂ ಬೆರಳು ಅಗಲಿಸಲು ಅದು ಬಿಡುವುದಿಲ್ಲ. ಮಗ ಬಾಯಿ ಕಟ್ಟಿ ತಲೆ ಹಿಡಿಯುತ್ತಿದ್ದ, ನಾನು ಡಾಕ್ಟರು ಬಿಟ್ಟುಹೋದ ಗ್ಲೌಸು ಹಾಕಿ ತೊಳೆಯುತ್ತಿದ್ದೆ. ಗೋಡೆಯ ಹತ್ತಿರ ಹಾರೆ ನಿಂತೇ ಇತ್ತು.

ಹತ್ತು ದಿನ ಕಳೆದ ಮೇಲೆ ಮೈದುನ ಬಂದು, "ತೆಂಗಿನ್ ಸಸಿ ನೆಡ್ಬೇಕು" ಎಂದು ಹಾರೆ ತೆಗೆದುಕೊಂಡು ಹೋದ.

ಪಾದ ವಾಸಿಯಾಗಿದೆ. ನಾಯಿ ಮತ್ತೆ ಓಡುತ್ತದೆ, ನಾನು ಮತ್ತೆ ಬೆರಳು ಅಗಲಿಸಿ ನೋಡುತ್ತೇನೆ. ಆದರೆ ಮೊದಲು ನೀರಿನ ಬೋಗುಣಿ ಇಡುತ್ತೇನೆ. ಅದು ಕುಡಿದು ಮುಗಿಸುವ ತನಕ ನನ್ನ ಕೈ ಸೆರಗಿನೊಳಗೇ ಇರುತ್ತದೆ.