ಜರಡಿಯಲ್ಲಿ ಇಳಿಯದ ಲುಟೀಷಿಯಂ

ಮೊಳಕಾಲ್ಮೂರಿನ ಆ ಖಾಸಗಿ ಪದವಿ ಕಾಲೇಜಿನಲ್ಲಿ ರಸಾಯನಶಾಸ್ತ್ರಕ್ಕೆ ಒಬ್ಬರೇ ಅತಿಥಿ ಉಪನ್ಯಾಸಕರು ಬೇಕಾಗಿದ್ದರು. ನನಗಿಂತ ಮುಂಚೆ ಇಬ್ಬರು ಮಾದರಿ ತರಗತಿ ಮುಗಿಸಿ, ವರಾಂಡದಲ್ಲಿ ಫಲಿತಾಂಶಕ್ಕಾಗಿ ಕುಳಿತಿದ್ದರು. ನನಗೆ ಬಂದ ವಿಷಯ ಲ್ಯಾಂಥನಾಯ್ಡ್‌ಗಳು, ಅಂದರೆ ಲ್ಯಾಂಥನಮ್‌ನಿಂದ ಶುರುವಾಗುವ ಹದಿನೈದು ಲೋಹಗಳ ಸಾಲು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ ಆದ್ದರಿಂದ, ನನ್ನ ತಪ್ಪನ್ನು ಮೊದಲೇ ಕೇಳಿ ತಿದ್ದುವವರು ಯಾರೂ ಇರಲಿಲ್ಲ. ಪ್ರತಿ ವಾಕ್ಯವನ್ನೂ ಕನ್ನಡಿಯ ಮುಂದೆ ಹೇಳಿಕೊಂಡು ಬಂದಿದ್ದೆ. ಚಳ್ಳಕೆರೆಯಲ್ಲಿ ಬಸ್ ಹತ್ತಿಸಲು ಬಂದ ಅವ್ವ, “ಯಾಕಂಗೆ ಬೆವರ್ತೀಯಾ? ನಿಂಗೆ ಗೊತ್ತಿರೋದ್ನ ಹೇಳಿ ಬಾ” ಎಂದಿದ್ದಳು.

ಕೊನೆಯ ಬೆಂಚಿನಲ್ಲಿ ಪ್ರಾಂಶುಪಾಲರು, ಅವರ ಪಕ್ಕದಲ್ಲಿ ವಿಭಾಗದ ಹಿರಿಯ ಮೇಷ್ಟ್ರು. ಆರಂಭ ಸರಿಯಾಗಿಯೇ ಆಯಿತು. ಲ್ಯಾಂಥನಮ್‌ನಿಂದ ಲುಟೀಷಿಯಮ್‌ವರೆಗೆ ನ್ಯೂಕ್ಲಿಯಸ್ಸಿನ ಧನಾವೇಶ ಒಂದೊಂದಾಗಿ ಏರುತ್ತದೆ, ಜೊತೆಗೆ ಭಾರವೂ; ಕೊನೆಯ ಲುಟೀಷಿಯಂ ಎಲ್ಲಕ್ಕಿಂತ ಭಾರ. ಹೊಸದಾಗಿ ಸೇರುವ ಎಲೆಕ್ಟ್ರಾನುಗಳು ಆ ಸೆಳೆತವನ್ನು ಪೂರ್ತಿ ಮರೆಮಾಡಲಾರವು, ಆದ್ದರಿಂದ ಅಯಾನು ಕ್ರಮೇಣ ಕುಗ್ಗುತ್ತದೆ. ಆದರೂ ಗಾತ್ರದ ವ್ಯತ್ಯಾಸ ಅತ್ಯಲ್ಪ, ಗುಣವೂ ಹೆಚ್ಚುಕಡಿಮೆ ಒಂದೇ, ಹೀಗಾಗಿ ಇವನ್ನು ಬೇರ್ಪಡಿಸುವುದು ಕಷ್ಟ. ಅದಕ್ಕಾಗಿ ರೆಸಿನ್ ಮಣಿಗಳನ್ನು ತುಂಬಿದ ಗಾಜಿನ ಕೊಳವೆಯಲ್ಲಿ ಇವನ್ನು ಹಿಡಿದಿಟ್ಟು, ಮೇಲಿನಿಂದ ಸಿಟ್ರೇಟ್ ದ್ರಾವಣ ಹರಿಸುತ್ತಾರೆ. ಮೊದಲು ಹೊರಬರುವುದು ಲುಟೀಷಿಯಂ.

ಎರಡನೇ ಬೆಂಚಿನ ಹುಡುಗಿ ಎದ್ದಳು. “ಮೇಡಂ, ಅದೇ ಎಲ್ಲದಕ್ಕಿಂತ ಭಾರ ಅಂದ್ರಲ್ಲ. ಅದ್ಹೆಂಗೆ ಮೊದ್ಲು ಬರ್ತೈತೆ?”

ಕನ್ನಡಿಯ ಮುಂದೆ ಈ ಪ್ರಶ್ನೆ ಬಂದಿರಲಿಲ್ಲ. ಅವ್ವ ಶೇಂಗಾ ಮಿಲ್ಲಿನಲ್ಲಿ ಬೀಜ ವಿಂಗಡಿಸುವವಳು, ಅವಳ ಮುಂದಿನ ಜರಡಿ ಕಣ್ಣಿಗೆ ಬಂತು. “ಶೇಂಗಾ ಜರಡಿ ನೋಡಿದ್ದೀರಲ್ಲ? ಸಣ್ಣ ಬೀಜ ಮೊದಲು ಕೆಳಗೆ ಬೀಳುತ್ತದೆ. ಲುಟೀಷಿಯಂ ಅಯಾನು ಎಲ್ಲಕ್ಕಿಂತ ಸಣ್ಣದು” ಎಂದು ಹಲಗೆಯ ಮೇಲೆ ಜರಡಿಯನ್ನೇ ಬರೆದೆ.

ತರಗತಿ ಒಮ್ಮೆಲೇ ಸಡಿಲವಾಯಿತು. “ಅರ್ಥಂ ಅಯಿಂದಾ?” ಎಂದು ಹಿಂದೆ ಒಬ್ಬ ತೆಲುಗಿನಲ್ಲಿ ಗೆಳೆಯನನ್ನು ಕೇಳಿದ. “ನಮ್ಮ ಮಿಲ್ಲಿಗೇ ತಂದ್ಹಾಕ್ಲೇ, ಸೋಸಿ ಕೊಡ್ತೀವಿ” ಎಂದ ಗೆಳೆಯ. ಪ್ರಾಂಶುಪಾಲರೂ ನಕ್ಕು, ತಲೆಯಾಡಿಸಿದರು.

ನಾನು ಮುಂದಿನ ಅಂಶ ಬರೆಯಲು ತಿರುಗಿದೆ. ಸೀಮೆಸುಣ್ಣ ಹಲಗೆಗೆ ತಾಗುವ ಮೊದಲೇ ಕೈ ನಿಂತಿತು. ನೀರಿನಲ್ಲಿ ಯಾವ ಅಯಾನೂ ಒಂಟಿಯಾಗಿರುವುದಿಲ್ಲ. ಸಣ್ಣ ಅಯಾನು ನೀರನ್ನು ಹೆಚ್ಚು ಬಲವಾಗಿ ತನ್ನ ಸುತ್ತ ಎಳೆದುಕೊಳ್ಳುತ್ತದೆ. ಆ ನೀರಿನ ಸಮೇತ ಅಳೆದರೆ ಲುಟೀಷಿಯಮ್ಮೇ ಎಲ್ಲಕ್ಕಿಂತ ದೊಡ್ಡದು. ಜರಡಿಯೇ ಆಗಿದ್ದರೆ ಅದು ಕೊನೆಗೆ ಇಳಿಯಬೇಕಿತ್ತು. ನನ್ನ ಉತ್ತರ ಸರಿ, ಕಾರಣ ತಲೆಕೆಳಗು.

ಯಾರೂ ಗಮನಿಸಿದಂತೆ ಕಾಣಲಿಲ್ಲ. ಹಿರಿಯ ಮೇಷ್ಟ್ರು ಮಾತ್ರ ನಗದೆ ಕುಳಿತಿದ್ದರು, ಅವರು ಮೊದಲಿನಿಂದಲೂ ನಕ್ಕಿರಲಿಲ್ಲ. ಸುಮ್ಮನೆ ಮುಂದುವರಿದರೆ ಕೆಲಸ ನನ್ನದೇ ಆಗಬಹುದಿತ್ತು. ಬೆನ್ನ ಹಿಂದೆ ಮೂವತ್ತು ನಲವತ್ತು ಪೆನ್ನುಗಳು ಆ ಜರಡಿಯನ್ನು ನಕಲು ಮಾಡುತ್ತಿದ್ದವು.

“ದಯವಿಟ್ಟು ಆ ಚಿತ್ರವನ್ನು ಹೊಡೆದುಹಾಕಿ. ನಾನು ಹೇಳಿದ ಕಾರಣ ತಪ್ಪು.”

“ಅಯ್ಯೋ, ಪೆನ್ನಾಗೆ ಬರ್ಕಂಡ್ವಲ್ಲ ಮೇಡಂ!”

ನೀರಿನಿಂದ ದಪ್ಪವಾದ ಲುಟೀಷಿಯಮ್ಮನ್ನು ರೆಸಿನ್ ಸಡಿಲವಾಗಿ ಹಿಡಿದಿರುತ್ತದೆ, ಸಿಟ್ರೇಟ್ ಮಾತ್ರ ಅದನ್ನು ಎಲ್ಲಕ್ಕಿಂತ ಬಿಗಿಯಾಗಿ ಕಟ್ಟಿಕೊಂಡು ಹೊರಡುತ್ತದೆ ಎಂದು ವಿವರಿಸಿದೆ.

ಪ್ರಾಂಶುಪಾಲರ ಮುಖದಲ್ಲಿ ನಗು ಉಳಿದಿರಲಿಲ್ಲ. “ಏನ್ರಿ ಇದು, ಹುಡುಗ್ರಿಗೆ ಅರ್ಥ ಆಗಿದ್ದನ್ನೇ ಅಳಿಸ್ತೀರಾ? ಉತ್ತರ ಬದಲಾಯ್ತೇನು?”

“ಇಲ್ಲ ಸರ್. ಮೊದಲು ಬರುವುದು ಲುಟೀಷಿಯಮ್ಮೇ.”

“ಮತ್ತೆ?”

ಎರಡನೇ ಬೆಂಚಿನ ಹುಡುಗಿ ಮೆಲ್ಲಗೆ, “ಕಾರಣ ಕೊಡಿ ಅಂತ ಕೇಳಿದ್ರೆ ನಮ್ ಮಾರ್ಕ್ಸ್ ಹೋಗ್ತಿತ್ತು ಸಾರ್” ಎಂದಳು.

ಆಗ ಹಿರಿಯ ಮೇಷ್ಟ್ರು ಬಾಯಿ ತೆರೆದರು. “ಇವುಗಳ ಹೈಡ್ರಾಕ್ಸೈಡಿನಾಗೆ ಹೆಚ್ಚು ಪ್ರತ್ಯಾಮ್ಲೀಯ ಯಾವುದಮ್ಮ?”

“ಲ್ಯಾಂಥನಮ್‌ನದು ಸರ್. ಅದರ ಅಯಾನು ದೊಡ್ಡದು, ಹೈಡ್ರಾಕ್ಸೈಡಿನ ಮೇಲೆ ಹಿಡಿತ ಸಡಿಲ. ಲುಟೀಷಿಯಂ ಬಿಗಿಯಾಗಿ ಹಿಡಿಯುತ್ತದೆ.”

“ಅಲ್ಲಿ ಜರಡಿ ಬ್ಯಾಡೇನು?”

“ಬೇಡ ಸರ್.”

ಅವರು ಪ್ರಾಂಶುಪಾಲರ ಕಿವಿಯಲ್ಲಿ ಏನೋ ಹೇಳಿದರು. ಪ್ರಾಂಶುಪಾಲರು ಒಪ್ಪಿದಂತೆ ಕಾಣಲಿಲ್ಲ. ಒಮ್ಮೆ ವರಾಂಡದಲ್ಲಿ ಕುಳಿತಿದ್ದ ಇಬ್ಬರ ಕಡೆ ನೋಡಿದರು, ಮತ್ತೆ ನನ್ನ ಕಡೆ. ನನ್ನ ಬೆರಳ ನಡುವೆ ಸೀಮೆಸುಣ್ಣ ಮುರಿಯಿತು.

“ನಮ್ಮಲ್ಲಿ ಎಂಟಕ್ಕೇ ಮೊದಲ್ನೇ ಪಿರಿಯಡ್” ಎಂದರು ಪ್ರಾಂಶುಪಾಲರು ಕೊನೆಗೆ. “ಚಳ್ಳಕೆರೆಯಿಂದ ದಿನಾ ಅಷ್ಟೊತ್ತಿಗೆ ಬರಾಕೆ ಬಸ್ ಐತೇನ್ರಿ?”

ಆ ಹೊತ್ತಿಗೆ ಬಸ್ ಇದೆಯೋ ಇಲ್ಲವೋ ನನಗೆ ತಿಳಿದಿರಲಿಲ್ಲ.

“ಐತೆ ಸಾರ್” ಎಂದೆ.