ಕೆರ ಮೆಟ್ಟಿ ಉಣ್ಣುವ ದೊಡ್ಡವ್ವ

ನಮ್ಮ ದೊಡ್ಡವ್ವ ಎಸ್ತರಮ್ಮ ವರ್ಷಕ್ಕೊಮ್ಮೆ ಕಾಲಲ್ಲಿ ಕೆರ ಮೆಟ್ಟಿಕೊಂಡೇ ಊಟಕ್ಕೆ ಕೂರುತ್ತಿದ್ದಳು. ಕೂರುತ್ತಿದ್ದಳು ಎಂದದ್ದೂ ತಪ್ಪೇ, ನಿಂತೇ ಉಣ್ಣುತ್ತಿದ್ದಳು. ಒಂದು ಕೈಯಲ್ಲಿ ಜೋಳದ ರೊಟ್ಟಿ, ಇನ್ನೊಂದು ಕೈಯಲ್ಲಿ ದನ ಕಾಯುವವರ ಬಡಿಗೆ, ಸೆರಗು ನಡುವಿಗೆ ಬಿಗಿದು ಸಿಕ್ಕಿಸಿರುತ್ತಿತ್ತು. ಹೊರಗಿನವರು ಯಾರಾದರೂ ನೋಡಿದರೆ ಈ ಹೆಂಗಸು ಉಣ್ಣುತ್ತಿದ್ದಾಳೋ ಜಗಳಕ್ಕೆ ಹೊರಟಿದ್ದಾಳೋ ಎಂದು ಅನುಮಾನ ಪಡಬೇಕು. ಎರಡೂ ನಿಜವಾಗಿತ್ತೆಂದು ನನಗೆ ತಿಳಿದದ್ದು ಆಮೇಲೆ.

ಅವಳು ನನ್ನ ಅವ್ವನ ಅಕ್ಕ. ದೇವದುರ್ಗದಿಂದ ಆಚೆ ಒಂದು ಹಳ್ಳಿ ಅವಳದು. ಊರಿನ ಹೆಸರು ಬರೆಯುವುದಿಲ್ಲ, ಆ ಊರಿನವರು ಈಗ ನನ್ನ ಜೊತೆ ಚೆನ್ನಾಗಿದ್ದಾರೆ, ಹಾಗೆಯೇ ಇರಲಿ. ಅಲ್ಲಿಯ ಮಾದಿಗರ ಕೇರಿಯಲ್ಲಿ ನಮ್ಮವರು ಅಜ್ಜನ ಕಾಲಕ್ಕೇ ಯೇಸುಸ್ವಾಮಿಯನ್ನು ನಂಬಿದವರು. ಕೇರಿಯ ತುದಿಗೆ ತಗಡಿನ ಚಾವಣಿಯ ಒಂದು ಪ್ರಾರ್ಥನೆಯ ಕೋಣೆ. ತಿಂಗಳಿಗೊಮ್ಮೆ ಮಾನ್ವಿಯಿಂದ ಪಾಸ್ಟರ್ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ಉಳಿದ ದಿನ ಆ ಕೋಣೆಗೆ ದೊಡ್ಡವ್ವನದೇ ಕಾರುಬಾರು. ಅವಳನ್ನು ಅದಕ್ಕೆ ಯಾರೂ ನೇಮಿಸಿರಲಿಲ್ಲ, ಆದರೆ ಹಾಗಂತ ಅವಳಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಕುಳ್ಳ ಆಳು, ದೊಡ್ಡ ದನಿ. ಅವಳು ಪ್ರಾರ್ಥನೆ ಮಾಡಿದರೆ ದೇವರಿಗೆ ಕಿವಿ ಮಂದವೇನೋ ಅನ್ನಿಸುತ್ತಿತ್ತು.

ದೊಡ್ಡಪ್ಪ ಲಾಜರಪ್ಪ ಇದಕ್ಕೆ ಪೂರ್ತಿ ಉಲ್ಟಾ. ಕೆರ ಹೊಲಿಯುವುದು ಅವನ ಕೆಲಸ. ದಾರವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿರುತ್ತಿದ್ದನಾದ್ದರಿಂದ ಮಾತಾಡುವ ಪ್ರಸಂಗ ಅವನಿಗೆ ಬರುತ್ತಿರಲಿಲ್ಲ. ತೊಗಲು ತರಲು ರಾಯಚೂರಿಗೆ ದೊಡ್ಡವ್ವನೇ ಬರುತ್ತಿದ್ದಳು. ಬಂದಾಗ ರೈಲ್ವೆ ಸ್ಟೇಶನ್ ಹಿಂದಿದ್ದ ನಮ್ಮ ಮನೆಯಲ್ಲಿ ವಸ್ತಿ. ತೊಗಲಿನ ಅಂಗಡಿಯ ಸಾಬರ ಹತ್ತಿರ ಅರ್ಧ ಕನ್ನಡ ಅರ್ಧ ಉರ್ದುವಿನಲ್ಲಿ ಗಂಟೆಗಟ್ಟಲೆ ಚೌಕಾಶಿ ಮಾಡಿ, ಕೊನೆಗೆ ಅವರಿಗೆ ಮೋಶೆಯ ಕಥೆ ಹೇಳಿ ಬರುತ್ತಿದ್ದಳು. ಅವರು ಅದೇ ಕಥೆಯನ್ನು ಮೂಸಾ ನಬಿಯದೆಂದು ಅವಳಿಗೆ ತಿರುಗಿ ಹೇಳಿ ಕಳಿಸುತ್ತಿದ್ದರು.

ಕೆರ ಮೆಟ್ಟಿ ಉಣ್ಣುವ ಆ ಊಟ ಶುಭ ಶುಕ್ರವಾರದ ಹಿಂದಿನ ಸಂಜೆಯದು. ಯೆಹೂದ್ಯರ ಪಸ್ಕ ಹಬ್ಬವೂ ಅದೇ ಕಾಲಕ್ಕೆ, ಯೇಸುಸ್ವಾಮಿ ಶಿಷ್ಯರ ಜೊತೆ ಕೊನೆಯ ಸಲ ಉಂಡದ್ದೂ ಅದೇ ಊಟ. ಬೇರೆ ಕಡೆ ಅದನ್ನು ಒಂದು ಚೂರು ರೊಟ್ಟಿ, ಒಂದು ಗುಟುಕು ದ್ರಾಕ್ಷಾರಸದಲ್ಲಿ ಮುಗಿಸುತ್ತಾರೆ. ದೊಡ್ಡವ್ವ ಮಾತ್ರ ಹಳೆಯ ಕಾಲದಿಂದಲೇ ಹಿಡಿದು ಎಲ್ಲವನ್ನೂ ಮಾಡಿಸುತ್ತಿದ್ದಳು. ಬೆಳಿಗ್ಗೆಯೇ ಕೆಮ್ಮಣ್ಣು ಕಲಸಿ ಪ್ರಾರ್ಥನೆಯ ಕೋಣೆಯ ಬಾಗಿಲ ಚೌಕಟ್ಟಿಗೆ ಬಳಿಯುವಳು. ಆಮೇಲೆ ಕೇರಿಯ ಹುಡುಗರನ್ನು ನಿಲ್ಲಿಸಿ ಒಂದೊಂದರ ಅರ್ಥ ಹೇಳುವಳು.

"ಯೆಹೂದ್ಯರು ಅಂದ್ರ ಯಾರು ಗೊತ್ತೇನ್ರಲೇ? ಇಟ್ಟಂಗಿ ಸುಟ್ಟು ಬದುಕಿದೋರು. ನಮ್ಮಂಗ ಕೂಲಿ ಮಂದಿ. ಫರೋಹ ಅಂತ ಒಬ್ಬ ರಾಜ, ಅವರನ್ನ ಜೀತಕ್ಕ ಇಟ್ಕೊಂಡಿದ್ದ. ಮೋಶೆ ಅವರನ್ನ ಬಿಡಿಸ್ಕೊಂಡು ಹೋಗೂ ದಿನ ದೇವರು ಹೇಳಿದ, ಕುರಿಮರಿ ಕೊಯ್ದು ರಕ್ತ ಬಾಗಲಕ್ಕ ಹಚ್ರಿ, ಸಾವು ನಿಮ್ಮ ಮನಿ ದಾಟಿ ಹೋಗ್ತದ ಅಂತ. ಮ್ಯಾಲ ಒಂದು ಹಚ್ಚಿದ್ರು, ಎಡಕ್ಕೊಂದು, ಬಲಕ್ಕೊಂದು. ಅವರಿಗೆ ಅದು ಬಾಗಲದ ಗುರುತು. ನಮಗ ಶಿಲುಬಿ ಗುರುತು, ಮ್ಯಾಲ ತಲಿ, ಎಡಬಲಕ್ಕ ಕೈ. ಇಬ್ಬರದೂ ಅದ ರಕ್ತ, ಅದ ಬಾಗಲ."

ಬೇವಿನ ಚಿಗುರು ಬಾಯಿಗೆ ಹಾಕಿ ಹುಡುಗರು ಮುಖ ಕಿವುಚಿದರೆ ಅವಳಿಗೆ ಖುಷಿ. "ಕಹಿ ಆತೇನು? ಆಗಬೇಕು. ಜೀತ ಅಂದ್ರ ಹಂಗ ಇರ್ತದ. ಅದನ್ನ ಮರೀಬಾರದಂತ ವರ್ಷಾ ತಿನ್ನಂದಾನ ದೇವರು." ಹುಳಿಯಿಲ್ಲದ ರೊಟ್ಟಿಯ ಅರ್ಥ ಹೇಳುವಾಗ ನಗುತ್ತಿದ್ದಳು. "ಹಿಟ್ಟು ಹುಳಿ ಬರಿಸಿ ಉಬ್ಬಿಸಾಕ ಅವರಿಗೆ ಅವತ್ತು ಪುರಸೊತ್ತು ಇರಲಿಲ್ಲ. ನಮಗ ಯಾವತ್ತರೆ ಇತ್ತೇನು? ಬಡದು ಸುಟ್ಟು ತಿಂದೀವಿ. ಆ ಹಬ್ಬದ ರೊಟ್ಟಿ ನಮ್ಮ ಮನ್ಯಾಗ ದಿನಾ ಅದ."

ಕೊನೆಯ ಗುರುತು ಕೆರ ಮತ್ತು ಬಡಿಗೆ. ಹೊರಡಲು ತಯಾರಾಗಿ ಉಣ್ಣಬೇಕು ಎಂಬುದು ಅದರ ಅರ್ಥ. ಅದಕ್ಕೆಂದೇ ನಾವೆಲ್ಲ ಕೋಣೆಯಲ್ಲಿ ಕೆರ ಮೆಟ್ಟಿ ನಿಂತು ಗಬಗಬ ಉಣ್ಣುತ್ತಿದ್ದೆವು. ಉಂಡಾದ ಮೇಲೆ ಕೈ ತೊಳೆದು, ಬಡಿಗೆ ಮೂಲೆಗಿಟ್ಟು, ತಮ್ಮ ತಮ್ಮ ಮನೆಗೆ ಹೋಗಿ ಮಲಗುವುದು.

ಎಮರ್ಜೆನ್ಸಿ ಮುಗಿದ ಮೇಲಿನ ಯಾವುದೋ ವರ್ಷ. ನಾನಾಗ ರಾಯಚೂರಿನಲ್ಲಿ ಟೀಚರ್ ಟ್ರೇನಿಂಗ್ ಮಾಡುತ್ತಿದ್ದೆ, ನಾಲಿಗೆ ಬಹಳ ಉದ್ದವಾಗಿತ್ತು. ಈಗಲೂ ಏನು ಕಡಿಮೆ ಆಗಿಲ್ಲ. ಹಬ್ಬಕ್ಕೆ ಹೋದವಳು ರೊಟ್ಟಿ ತಿನ್ನುತ್ತ ಸುಮ್ಮನಿರಲಾರದೆ ಕೇಳಿದೆ: "ದೊಡ್ಡವ್ವಾ, ಕಾಲಾಗ ಕೆರ ಅದಾವ, ಕೈಯಾಗ ಬಡಿಗಿ ಅದ. ಉಂಡು ಎಲ್ಲಿಗೆ ಹೊಂಟೀವಿ ನಾವು?"

ಎಲ್ಲರೂ ನಕ್ಕರು. ದೊಡ್ಡವ್ವ ನಗಲಿಲ್ಲ. ರೊಟ್ಟಿ ತಿನ್ನುವುದನ್ನು ಅಲ್ಲೇ ನಿಲ್ಲಿಸಿ ನನ್ನನ್ನು ನೋಡಿದಳು. ನನಗೆ ಬೈಗುಳ ಬೀಳುತ್ತದೆಂದು ಕಾದೆ, ಅದೂ ಬೀಳಲಿಲ್ಲ.

ಅದು ಯಾಕೆಂದು ಹೇಳಬೇಕಾದರೆ ಊರಿನ ಬೀದಿಯ ಮಾತು ಹೇಳಬೇಕು. ಕೇರಿಯಿಂದ ಬಸ್ಸು ನಿಲ್ಲುವ ಹುಣಸೆಮರಕ್ಕೆ ಹೋಗಲಿ, ನಮ್ಮ ಸ್ಮಶಾನಕ್ಕೆ ಹೋಗಲಿ, ಇದ್ದದ್ದು ಒಂದೇ ದಾರಿ, ಗೌಡರ ವಾಡೆಯ ಮುಂದಿನದು. ಆ ವಾಡೆಯ ಕಟ್ಟೆ ಕಾಣುತ್ತಲೇ ನಮ್ಮ ಜನ ಕಾಲಿನ ಕೆರ ಬಿಟ್ಟು ಕೈಯಲ್ಲಿ ಹಿಡಿಯಬೇಕು, ದಾಟಿದ ಮೇಲೆ ಮತ್ತೆ ಮೆಟ್ಟಬೇಕು. ಯಾರೂ ಬಡಿದು ಮಾಡಿಸುತ್ತಿರಲಿಲ್ಲ. ಬಡಿಯುವ ಪ್ರಸಂಗವನ್ನೇ ನಮ್ಮವರು ತಂದಿರಲಿಲ್ಲ. ಕೇರಿಗೆಲ್ಲ ಕೆರ ಹೊಲಿಯುವ ದೊಡ್ಡಪ್ಪ, ಗೌಡರ ಮನೆಯವರಿಗೂ ಹೊಲಿಯುವ ದೊಡ್ಡಪ್ಪ, ತನ್ನ ಕೆರವನ್ನು ಬಗಲಲ್ಲಿ ಸಿಕ್ಕಿಸಿಕೊಂಡು ಆ ಬೀದಿಯಲ್ಲಿ ತಲೆ ಬಗ್ಗಿಸಿ ಹೋಗುವುದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೆ. ನೆನೆದರೆ ಈಗಲೂ ಮೈ ಉರಿಯುತ್ತದೆ.

ಮರುವರ್ಷ ಹಬ್ಬದ ಹೊತ್ತಿಗೆ ದೊಡ್ಡವ್ವ ಸುದ್ದಿ ಹೊರಡಿಸಿದಳು. ಈ ಸಲ ಉಂಡು ಹೊರಡುವುದು. ಕೆರ ಮೆಟ್ಟಿಕೊಂಡೇ ವಾಡೆ ದಾಟಿ ಹುಣಸೆಮರದ ತನಕ ಹೋಗುವುದು, ಹಾಗೆಯೇ ತಿರುಗಿ ಬರುವುದು. ಸುದ್ದಿ ಮಾನ್ವಿಗೂ ಮುಟ್ಟಿ, ಹಬ್ಬದ ಹಿಂದಿನ ದಿನವೇ ಪಾಸ್ಟರ್ ಬಸ್ಸು ಹತ್ತಿ ಬಂದರು. ಒಳ್ಳೆಯ ಮನುಷ್ಯ. ಆಗ ನಾನು ದೊಡ್ಡವ್ವನ ಮನೆಯಲ್ಲೇ ಜೋಳ ಹಸನು ಮಾಡುತ್ತಿದ್ದೆ.

"ಎಸ್ತರಮ್ಮ, ಆ ಗುರುತುಗಳಿಗೆಲ್ಲ ಒಳಗಿನ ಅರ್ಥ ಅದ" ಅಂದರು. "ಪಾಪದ ಜೀತದಿಂದ ಬಿಡುಗಡಿ ಅಂತ ಅದರ ಅರ್ಥ. ಬೀದಿಯಾಗ ತೋರಿಸೂದಲ್ಲ ಅದು."

"ಒಳಗಿನ ಅರ್ಥ ಒಳಗ ಇರ್ಲಿ ಅಯ್ನೋರ. ಕಾಲು ಹೊರಗ ಅದಾವಲ್ರಿ."

"ಮೋಶೆಗೆ ಕೆರ ಬಿಡು ಅಂದಾಂವನೂ ಅದ ದೇವರ ಅಲ್ಲೇನು? ವಿನಯ ಬೇಕು ನಮಗ."

"ಅದು ಪೊದಿ ಉರಿಯೂ ಜಾಗದಾಗ್ರಿ. ಆ ಉರಿಯೊಳಗ ದೇವರು ನಿಂತ ನೆಲ ಅದು. ಗೌಡರ ವಾಡೆ ಮುಂದ ಯಾವ ಪೊದಿ ಉರಿಯಾಕತ್ತದ ತೋರಿಸ್ರಿ, ನಾ ಕೆರ ಬಿಡೂದೇನು, ಮೊಣಕಾಲ ಮ್ಯಾಲ ನಡೀತೀನಿ. ದೇವರ ಮುಂದ ಬಿಡಬೇಕು, ಫರೋಹನ ಮುಂದ ಮೆಟ್ಟಬೇಕು. ಗೌಡರ ಮುಂದ ಬಿಟ್ರ ಅವರನ್ನ ದೇವರು ಮಾಡಿದಂಗ ಆತು. ಅದು ಮೂರ್ತಿಪೂಜಿ ಅಲ್ಲೇನ್ರಿ?"

ಪಾಸ್ಟರ್ ಕೋಪ ಮಾಡಿಕೊಳ್ಳಲಿಲ್ಲ. ನಿಧಾನಕ್ಕೆ ಕೇಳಿದರು: "ನಾಳಿ ಗೌಡರು ಕೂಲಿ ನಿಲ್ಲಿಸಿದ್ರ ಈ ಕೇರಿ ಮಕ್ಕಳಿಗೆ ಕೂಳು ಯಾರು ಹಾಕ್ತಾರ ಎಸ್ತರಮ್ಮ? ನೀ ಹಾಕ್ತೀಯಾ, ನಾ ಹಾಕ್ತೀನಾ?"

ದೊಡ್ಡವ್ವ ನನ್ನ ಮುಂದಿನ ಮೊರ ಎಳೆದುಕೊಂಡು ತಾನೇ ಜೋಳ ಹಸನು ಮಾಡತೊಡಗಿದಳು. ಮೂಲೆಯಲ್ಲಿದ್ದ ದೊಡ್ಡಪ್ಪ ಹಲ್ಲಿನಲ್ಲಿದ್ದ ದಾರ ತೆಗೆದು, "ನಾ ಬರಂಗಿಲ್ಲ ಎಸ್ತರಿ" ಅಂದ. ಅವನಿಗೆ ಹೆದರಿಕೆಯಿತ್ತು, ಅದನ್ನು ಅವನು ಮುಚ್ಚಿಡಲಿಲ್ಲ.

"ಬರಬ್ಯಾಡ" ಅಂದಳು ಅವಳು. "ಆದ್ರ ನನ್ನ ಕೆರದ ಬಾರು ಕಿತ್ತದ. ಹೊಲದು ಕೊಡು."

ಅವನು ಹೊಲಿದು ಕೊಟ್ಟ.

ಮರುದಿನ ಸಂಜೆ ಉಂಡು ಹೊರಟಾಗ ಹಿಂದೆ ಬಂದವರು ಕೆಲವು ಹೆಂಗಸರಷ್ಟೇ. ಗಂಡಸರು ಕೇರಿಯ ಬೇವಿನಮರದ ಹತ್ತಿರವೇ ನಿಂತುಬಿಟ್ಟರು. ನಾನು ದೊಡ್ಡವ್ವನ ಮಗ್ಗುಲಲ್ಲಿದ್ದೆ. ಕಾಲಲ್ಲಿ ಹವಾಯಿ ಚಪ್ಪಲಿ. ಗೌಡರು ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಸುದ್ದಿ ಅವರಿಗೂ ಮುಟ್ಟಿತ್ತು ಅನ್ನಿ. ಸುತ್ತ ನಾಲ್ಕಾರು ಆಳುಗಳು ನಿಂತಿದ್ದರು.

"ಏನಬೇ ಎಸ್ತರಿ, ಕಾಲಾಗ ಏನದ?"

"ಕೆರ ಅದಾವ್ರಿ ಗೌಡ್ರ. ನಮ್ಮ ಮನಿಯವರು ಹೊಲದಿದ್ದು. ನಿಮ್ಮ ಕಾಲಾಗಿನವೂ ಅವರು ಹೊಲದಿದ್ದವಲ್ರಿ."

ಆಳೊಬ್ಬ ಮುಂದೆ ಬಂದ. ಗೌಡರು ಕೈಯಿಂದಲೇ ಅವನನ್ನು ತಡೆದರು. ಅವರು ದಡ್ಡರಲ್ಲ. ಎಲೆ ಅಗಿಯುತ್ತ ನಗುತ್ತಲೇ ಅಂದರು: "ನಿಮ್ಮ ದೇವರ ಹಬ್ಬ ಅಂತ ಕೇಳೀನಿ. ಹಬ್ಬಕ್ಕಂತ ಒಂದು ದಿನ ಆದ್ರ ಆಗ್ಲಿ, ಹೋಗ್ರಿ."

ನಮ್ಮ ಹಿಂದಿನ ಹೆಂಗಸರು ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಅಲ್ಲಿಗೆ ಮುಗಿಯುತ್ತಿತ್ತು. ದೊಡ್ಡವ್ವ ಕೈಮುಗಿದು ನಡೆದಿದ್ದರೆ ಹಬ್ಬವೂ ಆಗುತ್ತಿತ್ತು, ಕೂಲಿಯೂ ಉಳಿಯುತ್ತಿತ್ತು, ಪಾಸ್ಟರಿಗೂ ಸಮಾಧಾನ. ಅವಳು ನಡೆಯಲಿಲ್ಲ, ನಿಂತಳು.

"ನಾಳಿನೂ ಬಿಡಂಗಿಲ್ರಿ ಗೌಡ್ರ" ಅಂದಳು. "ಹೇಳದ ಹೋದ್ರ ಮೋಸ ಮಾಡಿದಂಗ ಆಗ್ತದ."

ಗೌಡರ ನಗು ಹೋಯಿತು. ನಾವು ಹುಣಸೆಮರದ ತನಕ ಹೋದೆವು, ತಿರುಗಿ ಬಂದೆವು. ಬರುವಾಗ ಕಟ್ಟೆ ಖಾಲಿಯಿತ್ತು.

ಇಷ್ಟಕ್ಕೇ ಗೆದ್ದೆವು ಎಂದು ಬರೆದರೆ ನನ್ನ ದೊಡ್ಡವ್ವನೇ ಎದ್ದು ಬಂದು ಬೈದಾಳು. ಯಾರೂ ಕೈ ಮಾಡಲಿಲ್ಲ, ಅದು ನಿಜ. ಆದರೆ ಮಾರನೆಯ ದಿನವೇ ವಾಡೆಯಿಂದ ಹೊಲಿಯಲು ಬಂದಿದ್ದ ಕೆರಗಳನ್ನು ಆಳು ಬಂದು ವಾಪಸು ಒಯ್ದ. ಮಳೆ ಬಿದ್ದಾಗ ಬಿತ್ತನೆಗೆ ನಮ್ಮ ಕೇರಿಯ ಒಬ್ಬ ಹೆಂಗಸನ್ನೂ ಕರೆಯಲಿಲ್ಲ. ಬೇರೆ ಹೊಲದವರೂ ಗೌಡರ ಮುಖ ನೋಡಿ ಸುಮ್ಮನಾದರು. ಕೂಸುಗಳನ್ನು ಬಗಲಿಗೆ ಹಾಕಿಕೊಂಡು ಹೆಂಗಸರೆಲ್ಲ ಲಾರಿ ಹತ್ತಿ ಸಿರವಾರದ ಕಾಲುವೆ ಸೀಮೆಗೆ ಭತ್ತದ ನಾಟಿಗೆ ಹೋಗಬೇಕಾಯಿತು. ದೊಡ್ಡವ್ವನೂ ಅವರ ಜೊತೆ ಹೋಗಿ ಕೆಸರಿಗಿಳಿದಳು. ಗದ್ದೆಯಲ್ಲೇ ಅವಳಿಗೆ ಮುಖಕ್ಕೆ ಹೊಡೆದಂತೆ ಬೈದವರಿದ್ದಾರೆ. "ನಿನ್ನ ಕೆರದ ಸಲುವಾಗಿ ನಮ್ಮ ಮಕ್ಕಳು ಹಸಕೊಂಡಾವ" ಅಂದವಳು ಅವಳ ಸ್ವಂತ ನಾದಿನಿ. ದೊಡ್ಡವ್ವ ತನ್ನ ರೊಟ್ಟಿಯ ಗಂಟನ್ನು ಆ ಮಕ್ಕಳ ಮುಂದಿಟ್ಟು ಬರುತ್ತಿದ್ದಳು, ಮಾತು ಮಾತ್ರ ಹಿಂದೆ ತೆಗೆದುಕೊಳ್ಳಲಿಲ್ಲ. ನಾದಿನಿ ಅವಳ ಜೊತೆ ಮತ್ತೆ ಮಾತಾಡಲೇ ಇಲ್ಲ.

ಕಳೆ ಬೆಳೆದು ನಿಂತಾಗ ಗೌಡರಿಗೂ ಕೈಗಳು ಬೇಕಾದವು, ಕರೆ ಬಂತು. ಹೋದ ಹೆಂಗಸರಲ್ಲಿ ಕೆಲವರು ಕೆರ ಮೆಟ್ಟಿಕೊಂಡೇ ವಾಡೆ ದಾಟಿದರು, ಕೆಲವರು ಕೈಯಲ್ಲೇ ಹಿಡಿದರು. ವರ್ಷ ಕಳೆದಂತೆ ಹಿಡಿಯುವವರು ಕಡಿಮೆಯಾದರು. ಹುಡುಗರು ಸೈಕಲ್ ಮೇಲೆ ಗಂಟೆ ಹೊಡೆಯುತ್ತ ಹೋಗತೊಡಗಿದರು. ದೊಡ್ಡಪ್ಪ ಮಾತ್ರ ಬದಲಾಗಲಿಲ್ಲ. ಹೆಂಡತಿ ಬಿರಬಿರನೆ ಮುಂದೆ, ಗಂಡ ಬಗಲಲ್ಲಿ ಕೆರ ಇಟ್ಟುಕೊಂಡು ಬರಿಗಾಲಲ್ಲಿ ಹಿಂದೆ. ನಾನು ಒಮ್ಮೆ ಅವನನ್ನು ರೇಗಿಸಲು ಹೋದರೆ ದೊಡ್ಡವ್ವ ನನ್ನ ಮೇಲೇ ಹರಿಹಾಯ್ದಳು: "ಅವರ ಕಾಲು ಅವರಿಗೆ ಬಿಡು. ನಾ ಒತ್ತಾಯ ಮಾಡಿ ಮೆಟ್ಟಿಸಿದ್ರ ಇನ್ನೊಬ್ಬ ಗೌಡ ಆಗ್ತೀನಿ."

ಎಂಬತ್ತರ ದಶಕದ ಕೊನೆಯಲ್ಲಿ ಅವಳು ತೀರಿಕೊಂಡಳು. ನಾನಾಗ ಯರಗೇರಾದಲ್ಲಿ ಮಾಸ್ತರಿಣಿ. ಸುದ್ದಿ ಬಂದು, ಬಸ್ಸು ಬದಲಿಸಿ ಮುಟ್ಟುವಷ್ಟರಲ್ಲಿ ಮೈ ತೊಳೆಸಿ, ಬಿಳಿ ಸೀರೆ ಉಡಿಸಿ ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ನಮ್ಮಲ್ಲಿ ಪೆಟ್ಟಿಗೆಯ ಮುಚ್ಚಳ ಹಾಕುವುದು ಗುಂಡಿಯ ಹತ್ತಿರ. ಹೊರಡುವ ಮೊದಲು ದೊಡ್ಡಪ್ಪ ಒಳಗಿನಿಂದ ಅವಳ ಕೆರ ತಂದು ಕಾಲಿಗೆ ಮೆಟ್ಟಿಸತೊಡಗಿದ. ಬಾವು ಬಂದ ಕಾಲು, ಸುಲಭಕ್ಕೆ ಹಿಡಿಯಲಿಲ್ಲ.

ಆಗ ಮಾನ್ವಿಗೆ ಹೊಸ ಪಾಸ್ಟರ್ ಬಂದಿದ್ದರು, ಹುಡುಗ. "ಯಪ್ಪಾ, ಹೆಣದ ಕಾಲಾಗ ಕೆರ ಹಾಕೂದಿಲ್ಲ. ದೇವರ ಸನ್ನಿಧಿಗೆ ಹೊಂಟಾರ ಅವರು" ಅಂದರು.

"ಗೊತ್ತದ್ರಿ" ಅಂದ ದೊಡ್ಡಪ್ಪ. "ಅದಕ್ಕಿಂತ ಮುಂಚೆ ವಾಡೆ ದಾಟೂದದ."

ಹುಡುಗರು ಪೆಟ್ಟಿಗೆ ಹೆಗಲಿಗೆ ಎತ್ತಿದರು. ವಾಡೆಯ ಬೀದಿಯಲ್ಲಿ ದೊಡ್ಡಪ್ಪ ಎಲ್ಲರಿಗಿಂತ ಮುಂದೆ ನಡೆದ. ಅವನ ಕಾಲಲ್ಲೂ ಕೆರ ಇದ್ದವು. ಕಟ್ಟೆಯ ಮೇಲೆ ಯಾರಿದ್ದರೋ ನಾನು ನೋಡಲಿಲ್ಲ, ನಾನು ಅವನ ಕಾಲುಗಳನ್ನೇ ನೋಡುತ್ತಿದ್ದೆ. ಸ್ಮಶಾನದ ಬೇಲಿಯ ಹತ್ತಿರ ಅವನು ಕೈ ಎತ್ತಿ ಹುಡುಗರಿಗೆ ಪೆಟ್ಟಿಗೆ ಇಳಿಸಲು ಹೇಳಿದ. ತನ್ನ ಕೆರ ಬಿಟ್ಟ. ಆಮೇಲೆ ಮಂಡಿಯೂರಿ, ದೊಡ್ಡವ್ವನ ಎಡಗಾಲಿನದನ್ನು ಬಿಚ್ಚಿದ, ಬಲಗಾಲಿನದನ್ನು ಬಿಚ್ಚಿದ, ಅವಳ ಸೆರಗಿನಿಂದಲೇ ಅವಳ ಪಾದ ಒರೆಸಿ, "ಇನ್ನ ಹೋಗು" ಅಂದ.