ನನ್ನ ಕಷ್ಟ ಲಂಡನ್ನಿಗೆ

ಗೆಳತಿಯರೇ, ಇವತ್ತು ಸಿಂಧನೂರಿನಲ್ಲಿ ನಾನು ಕಸ ಮುಸುರೆ ಮಾಡುವ ಮನೆಯ ಮಗಳು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡಳು. ಲಂಡನ್ನಿನ ಕಾಲೇಜಿಗೆ ಸೇರಲು, ತಾನು ಕಷ್ಟಪಟ್ಟು ಓದಿದ್ದನ್ನು ಇಂಗ್ಲಿಷಿನಲ್ಲಿ ಬರೆದು ಕಳಿಸಬೇಕಂತೆ.

"ನನಗ ಕಷ್ಟನ ಇಲ್ಲ ನೋಡು. ನೀ ಸಾಲಿ ಯಾಕ ಬಿಟ್ಟಿ ಹೇಳು."

"ಐದನೇದು ಮುಗಿದ ಮ್ಯಾಲ ಅವ್ವನ ಜೋಡಿ ನೆಲ್ಲು ಹಚ್ಚಾಕ ಹೋದ್ನಿರಿ ಅಕ್ಕಾರ."

ಅವಳು ಟಕಟಕ ಬರೆದು, ಅದನ್ನೇ ಕನ್ನಡದಲ್ಲಿ ಹೇಳಿದಳು. "ಕೆಸರಿನ್ಯಾಗ ನಿಂತು ನೆಲ್ಲು ಹಚ್ಚಿಕೋತ ಓದಿ, ನಾ ಡಿಗ್ರಿ ಮುಗಿಸೀನಿ."

"ನಾ ಸಾಲಿ ಬಿಟ್ಟೀನಲ್ರಿ?"

"ಹುಚ್ಚಿ, ಬಿಟ್ಟೀನಿ ಅಂದ್ರ ಸೀಟ್ ಕೊಡ್ತಾರೇನ? ಹೋಗು, ಚಾ ಮಾಡ್ಕೊಂಡು ಬಾ."

ಮಾಡಿಕೊಟ್ಟೆ. ನಾನು ಬಿಟ್ಟ ಶಾಲೆಯನ್ನು ಅವಳು ಮುಗಿಸಿ ವಿಮಾನ ಹತ್ತುತ್ತಾಳೆ. ಕೆಸರನ್ನು ಮಾತ್ರ ನನಗೇ ಬಿಟ್ಟಿದ್ದಾಳೆ, ಪುಣ್ಯಾತ್ಗಿತ್ತಿ.